ಕೂದಲು ಕಸಿ: ಮುಂದಲೆಗೆ ಕೈ ಹಾಕುವ ಮುಂಚೆ ಹಿಂದಲೆಯ ಲೆಕ್ಕ

ಕೂದಲು ಕಸಿಯಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ. ಹಿಂದಲೆಯಿಂದ ಬೇರುಸಮೇತ ತೆಗೆದು ಮುಂದಲೆಗೆ ನೆಡುತ್ತಾರೆ. ತೆಗೆದ ಜಾಗ ಖಾಲಿಯೇ ಉಳಿಯುತ್ತದೆ. ಹಿಂದಲೆಯ ಬೇರು ಎಲ್ಲಿ ನೆಟ್ಟರೂ ತನ್ನ ಉದುರದ ಗುಣ ಬಿಡುವುದಿಲ್ಲ ಎಂದು 1959ರಲ್ಲಿ ಪ್ರಕಟಿಸಿದವರು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್. ಬೇರು ತೆಗೆಯುವ ಕೊಳವೆಯಂಥ ಬ್ಲೇಡ್, ಅಂದರೆ ಪಂಚ್, ಆಗ 4 ಮಿ.ಮೀ. ಅಗಲ, ಹಾಗಾಗಿ ಗೊಂಬೆಯ ತಲೆಯಂತೆ ಕುಚ್ಚುಕುಚ್ಚಾಗಿ ಕಾಣುತ್ತಿತ್ತು. ಈಗಿನದು 0.8ರಿಂದ 1 ಮಿ.ಮೀ.

ಹಿಂದಲೆಯ ಒಂದು ಚದರ ಸೆಂ.ಮೀ.ನಲ್ಲಿ ಸಾಮಾನ್ಯವಾಗಿ 65ರಿಂದ 85 ಗ್ರಾಫ್ಟ್, ಅಂದರೆ ಬೇರುಸಮೇತ ತೆಗೆದು ನೆಡುವ ಕೂದಲ ಗೊಂಚಲು, ಇರುತ್ತವೆ. ಒಂದೊಂದರಲ್ಲಿ 1ರಿಂದ 4 ಕೂದಲು. ಅರ್ಧದಷ್ಟು ತೆಗೆಯುವ ಹೊತ್ತಿಗೇ ಹಿಂದಲೆ ಹುಳು ತಿಂದ ಕಂಬಳಿಯಂತಾಗುತ್ತದೆ, ಅದಕ್ಕೆ ಮುಂಚೆಯೇ ನಿಲ್ಲಿಸಬೇಕು. ಈಗ ಖರ್ಚು ನೋಡಿ: ಮುಂದಲೆ 60 ಚದರ ಸೆಂ.ಮೀ. ಬೋಳಾಗಿದ್ದರೆ, ಚದರ ಸೆಂ.ಮೀ.ಗೆ 35ರಂತೆ 2,100 ಗ್ರಾಫ್ಟ್. ನೆತ್ತಿಗೆ ಬೇರೆ. ಇಪ್ಪತ್ತೈದರ ಹುಡುಗ ಹಣೆಗೆರೆ (ಹಣೆಯ ಮೇಲೆ ಕೂದಲು ಶುರುವಾಗುವ ಅಂಚು) ತೀರಾ ಕೆಳಗಿರಲಿ ಎಂದು ಹಟ ಹಿಡಿದರೆ ಒಪ್ಪಬಾರದು. ಹುಬ್ಬುಗಳ ನಡುವಿನಿಂದ 7 ಸೆಂ.ಮೀ.ಗಿಂತ ಕೆಳಗೆ ಇಳಿಸಿದರೆ, ನಾಳೆ ಅದರ ಬೆನ್ನಿಗಿರುವ ಮೂಲ ಕೂದಲು ಉದುರಿದಾಗ ನೆಟ್ಟದ್ದು ನಡುಗಡ್ಡೆಯಂತೆ ಉಳಿಯುತ್ತದೆ.

ಚರ್ಮಕ್ಕೆ ಬ್ಲೇಡ್ ತಾಗಿಸುವವರು ಯಾರು ಎಂದು ನೇರವಾಗಿ ಕೇಳಿ. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ತಂತ್ರಜ್ಞರು ಸಹಾಯಕ್ಕಷ್ಟೇ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅರಿವಳಿಕೆಯ ಮಿತಿಯೂ ತಮಾಷೆಯಲ್ಲ: ಅಡ್ರಿನಲಿನ್ ಬೆರೆತ ಲಿಡೋಕೇನ್ ಕೆ.ಜಿ.ಗೆ 7 ಮಿ.ಗ್ರಾಂ., ಅಂದರೆ 70 ಕೆ.ಜಿ. ಆಳಿಗೆ ಶೇ. 2ರ ದ್ರಾವಣ ಸುಮಾರು 24 ಮಿ.ಲೀ. ಬಾಯಿಯ ಸುತ್ತ ಜುಮ್ಮೆಂದರೆ, ಕಿವಿ ಗುಂಯ್ ಎಂದರೆ ಕೂಡಲೇ ಚುಚ್ಚುವುದು ನಿಲ್ಲಬೇಕು, ಮುಂದಿನದು ಫಿಟ್ಸ್.

ಗ್ರಾಫ್ಟ್ ಕೆಡುವುದು ಹೆಚ್ಚಾಗಿ ಎರಡು ಕಡೆ. ಚರ್ಮದೊಳಗೆ ಬೇರು ಓರೆಯಾಗಿರುತ್ತದೆ. ಪಂಚ್ ನೆಟ್ಟಗೆ ಇಳಿದರೆ ಬೇರು ತುಂಡಾಗುತ್ತದೆ. ಮೊದಲ 20 ಗ್ರಾಫ್ಟ್ ಭೂತಗನ್ನಡಿಯಲ್ಲಿ ನೋಡಿ, ಒಂದೆರಡಕ್ಕಿಂತ ಹೆಚ್ಚು ತುಂಡಾಗಿದ್ದರೆ ಕೋನವನ್ನೋ ಆಳವನ್ನೋ ಬದಲಿಸಬೇಕು. ಇನ್ನೊಂದು, ಒಣಗುವುದು: ಕೈಗವಸಿನ ಮೇಲೆ ಕೆಲವೇ ನಿಮಿಷ ಬಿಟ್ಟರೂ ಸಾಕು. 4 ಡಿಗ್ರಿಯ ಸಲೈನಿನಲ್ಲಿಡಬೇಕು. ನೆಡುವಾಗ ಚಿಮಟ ಹಿಡಿಯಬೇಕಾದದ್ದು ಸುತ್ತಲ ಕೊಬ್ಬನ್ನು, ಬೇರಿನ ತುದಿಯ ಗಡ್ಡೆಯನ್ನಲ್ಲ.

ಸುಟ್ಟಗಾಯದ ಕಲೆಯಲ್ಲಿ ರಕ್ತ ಓಡಾಟ ಕಡಿಮೆ. ಅಲ್ಲಿ ಮೊದಲು 50–100 ಗ್ರಾಫ್ಟ್ ವಿರಳವಾಗಿ ನೆಟ್ಟು, ಆರು ತಿಂಗಳು ಕಾದು, ಹಿಡಿದರೆ ಮಾತ್ರ ಮುಂದಿನ ಕಂತು. ಹುಬ್ಬಿಗೆ ಒಂಟಿ ಕೂದಲಿನ ಗ್ರಾಫ್ಟೇ ಬೇಕು, ಚರ್ಮಕ್ಕೆ ಹೆಚ್ಚೂಕಡಿಮೆ ಮಲಗಿಸಿ. ಅದು ತಲೆಗೂದಲಾದ್ದರಿಂದ ಬೆಳೆಯುತ್ತಲೇ ಇರುತ್ತದೆ, ಆಗಾಗ ಕತ್ತರಿ ಆಡಿಸಬೇಕು.

ಮನೆಗೆ ಬಂದ ಮೇಲೆ ಮೊದಲ ಮೂರ್ನಾಲ್ಕು ರಾತ್ರಿ ದಿಂಬು ಎತ್ತರಿಸಿ ಮಲಗಿ. ಹಣೆಯ ಊತ ಕಣ್ಣಿಗಿಳಿಯುವುದು ಆಗಲೇ. ಹೆಕ್ಕಳ ಕೀಳಬೇಡಿ, ನೆನೆಸಿ ತೊಳೆದರೆ ಹತ್ತು ದಿನದೊಳಗೆ ತಾನೇ ಬಿಡುತ್ತದೆ. ಎರಡರಿಂದ ಆರನೇ ವಾರದಲ್ಲಿ ನೆಟ್ಟ ಕೂದಲೆಲ್ಲ ಉದುರಬಹುದು. ಹೆದರುವಂಥದ್ದೇನಲ್ಲ, ಬೇರು ಒಳಗಿದೆ. ಮೂರ್ನಾಲ್ಕನೇ ತಿಂಗಳಲ್ಲಿ ಚಿಗುರು. ಲೆಕ್ಕ ನೋಡುವುದು ವರ್ಷ ತುಂಬಿದ ಮೇಲೆ. ಎರಡನೇ ಕಂತಿಗೆ ಅದಕ್ಕೂ ಮುಂಚೆ ದುಡ್ಡು ಕಟ್ಟಬೇಡಿ.