ಅಯೊಡೈಡ್ ಹಳದಿ ತಿರುಗದಂತೆ ನೋಡಿಕೊಂಡ ಬಗೆ

ಕೆರೆ ನೀರಿನಲ್ಲಿ ಕರಗಿದ ಆಕ್ಸಿಜನ್ ಅಳೆಯುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ ಪೊಟ್ಯಾಸಿಯಂ ಅಯೊಡೈಡ್ ಜೊತೆ ನನ್ನ ಒಡನಾಟ. ಬಿಳಿ ಹರಳು, ನೀರಿಗೆ ಹಾಕಿದರೆ ಥಟ್ಟನೆ ಕರಗುತ್ತದೆ, ಬಣ್ಣವೇ ಇಲ್ಲ. ಅದಕ್ಕೆ ಒಂದಿಷ್ಟು ಆಸಿಡ್ ಸೇರಿಸಿ, ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟು ಊಟ ಮುಗಿಸಿ ಬನ್ನಿ. ಹಳದಿ ತಿರುಗಿರುತ್ತದೆ.

ಮಾಡಿದ್ದು ಗಾಳಿಯ ಆಕ್ಸಿಜನ್. ಅದು ಅಯೊಡೈಡಿನ ಎಲೆಕ್ಟ್ರಾನ್ ಕಿತ್ತುಕೊಂಡು ಅಯೊಡಿನ್ ಮಾಡುತ್ತದೆ. ಒಂದು ಆಕ್ಸಿಜನ್ ಅಣುವಿಗೆ ನಾಲ್ಕು ಅಯೊಡೈಡ್ ಬೇಕು, ಜೊತೆಗೆ ನಾಲ್ಕು ಹೈಡ್ರೋಜನ್ ಅಯಾನೂ ಬೇಕು. ಅದಕ್ಕೇ ಆಸಿಡ್ ಇಲ್ಲದಿದ್ದರೆ ಇದು ತೀರಾ ನಿಧಾನ. ಕಂದು ಬಾಟಲಿಯಲ್ಲಿಟ್ಟರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಬೆಳಕು ಈ ಕೆಲಸವನ್ನು ಜೋರು ಮಾಡುತ್ತದೆ, ನಿಜ. ಆದರೆ ನನ್ನನ್ನು ಕೇಳಿದರೆ ಮೊದಲು ಆಸಿಡ್ ನೋಡಿಕೊಳ್ಳಿ, ಬಾಟಲಿ ಆಮೇಲೆ. ನಾನು ಸ್ಟಾಕ್ ದ್ರಾವಣಕ್ಕೆ (ಮೊದಲೇ ಮಾಡಿಟ್ಟುಕೊಳ್ಳುವ ಅಯೊಡೈಡ್ ನೀರಿಗೆ) ಚಿಟಿಕೆ ಸೋಡಿಯಂ ಕಾರ್ಬೊನೇಟ್ ಹಾಕಿಡುತ್ತೇನೆ. ಡಿಸ್ಟಿಲ್ಡ್ ವಾಟರ್ ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸುತ್ತೇನೆ. ಕುದಿಸಿದರೆ ಕರಗಿದ ಆಕ್ಸಿಜನ್ ಬಹುಪಾಲು ಹೊರಟುಹೋಗುತ್ತದೆ.

ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹುಟ್ಟಿದ ಅಯೊಡಿನ್ ಒಂಟಿಯಾಗಿ ಇರುವುದಿಲ್ಲ, ಉಳಿದ ಅಯೊಡೈಡಿನ ಜೊತೆ ಕೂಡಿ ಟ್ರೈಅಯೊಡೈಡ್ ಆಗುತ್ತದೆ. ಇದು ಬೆಳಕನ್ನು ಜೋರಾಗಿ ಹೀರುವುದು ಎರಡು ಕಡೆ: 288 ಮತ್ತು 352 ನ್ಯಾನೋಮೀಟರ್ ಹತ್ತಿರ. ಎರಡೂ ಅಲ್ಟ್ರಾವಯಲೆಟ್ ಭಾಗ, ನಮ್ಮ ಕಣ್ಣಿಗೆ ಬೀಳುವುದು ಅದರ ಬಾಲ ಮಾತ್ರ. ಹಾಗಾಗಿ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಸ್ಪೆಕ್ಟ್ರೋಫೋಟೋಮೀಟರನ್ನು 352ಕ್ಕೆ ಇಟ್ಟು ನೋಡುತ್ತೇನೆ. 288ಕ್ಕೆ ಮಾಮೂಲಿ ಗಾಜಿನದು ಆಗುವುದಿಲ್ಲ, ಕ್ವಾರ್ಟ್ಜ್ ಕ್ಯುವೆಟ್ (ದ್ರಾವಣ ಹಾಕುವ ಪುಟ್ಟ ಪಾತ್ರೆ) ಬೇಕು. ಅಯೊಡೈಡ್ ತಾನೇ 226ರ ಹತ್ತಿರ ಬೆಳಕು ನುಂಗುವುದರಿಂದ, 0.1 ಮೋಲಾರ್ ದ್ರಾವಣದಲ್ಲಿ 250ಕ್ಕಿಂತ ಕೆಳಗಂತೂ ಬರೀ ಗೋಡೆ, ಬೆಳಕು ದಾಟುವುದೇ ಇಲ್ಲ.

ಒಂದು ಸಣ್ಣ ಲೆಕ್ಕ ನೋಡಿ. 352ರಲ್ಲಿ ಟ್ರೈಅಯೊಡೈಡಿನ ಮೋಲಾರ್ ಹೀರಿಕೆ (ಲೀಟರಿಗೆ ಒಂದು ಮೋಲ್ ಇದ್ದರೆ 1 ಸೆಂ.ಮೀ. ದಾರಿಯಲ್ಲಿ ಬರುವ ರೀಡಿಂಗಿನ ಲೆಕ್ಕ) ಸುಮಾರು 26,000. ಅಂದರೆ ಲೀಟರಿಗೆ 10 ಮೈಕ್ರೋಮೋಲ್ ಇದ್ದರೂ 1 ಸೆಂ.ಮೀ. ಕ್ಯುವೆಟ್ಟಿನಲ್ಲಿ ರೀಡಿಂಗ್ 0.26 ಬರುತ್ತದೆ. ಅಷ್ಟು ಹುಟ್ಟಿಸಲು 5 ಮೈಕ್ರೋಮೋಲ್ ಆಕ್ಸಿಜನ್ ಸಾಕು. 25 ಡಿಗ್ರಿಯಲ್ಲಿ ಗಾಳಿಗೆ ತೆರೆದಿಟ್ಟ ನೀರಲ್ಲಿ ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಂದರೆ 250 ಮೈಕ್ರೋಮೋಲಿಗೂ ಹೆಚ್ಚು ಆಕ್ಸಿಜನ್ ಇರುತ್ತದೆ. ಅದರಲ್ಲಿ ನೂರಕ್ಕೆ ಎರಡು ಪಾಲು ಕೆಲಸ ಮಾಡಿದರೂ ನಮ್ಮ ಬ್ಲ್ಯಾಂಕ್ (ಕೆರೆ ನೀರು ಹಾಕದೆ ನೋಡುವ, ಸೊನ್ನೆ ಬರಬೇಕಾದ ರೀಡಿಂಗ್) ಕೆಟ್ಟಿತು, ಅಲ್ವಾ? ಬಳಸುವ ಮೊದಲು ಸ್ಟಾಕನ್ನು ಡಿಸ್ಟಿಲ್ಡ್ ವಾಟರಿಗೆ ಹೋಲಿಸಿ 352ರಲ್ಲಿ ನೋಡುತ್ತೇನೆ. 0.02 ದಾಟಿದ್ದರೆ ಹೊಸದು ಮಾಡುತ್ತೇನೆ.

ತಮಾಷೆ ಅಂದರೆ, ನಾನು ಇಲ್ಲಿ ತಡೆಯುತ್ತಿರುವ ಕೆಲಸವನ್ನೇ ಕೆರೆ ನೀರಿನ ಪರೀಕ್ಷೆಯಲ್ಲಿ ಬೇಕು ಅಂತ ಮಾಡಿಸುತ್ತೇವೆ. 1888ರಲ್ಲಿ ಹಂಗೇರಿಯ ಲಾಯೋಷ್ ವಿಂಕ್ಲರ್ ಕೊಟ್ಟ ವಿಧಾನ ಅದು. ಆಕ್ಸಿಜನ್ ನೇರವಾಗಿ ಅಯೊಡೈಡಿನ ಮೇಲೆ ಬೀಳಲಿ ಅಂತ ಕಾಯುವುದಿಲ್ಲ, ಮಧ್ಯೆ ಮ್ಯಾಂಗನೀಸ್ ಇಡುತ್ತೇವೆ. ಕ್ಷಾರದಲ್ಲಿ ಮ್ಯಾಂಗನೀಸ್ ಆಕ್ಸಿಜನ್ ಹಿಡಿದು ಕಂದು ಗಷ್ಟಾಗಿ ಕೂರುತ್ತದೆ. ಆಸಿಡ್ ಹಾಕಿದೊಡನೆ, ಹಿಡಿದ ಆಕ್ಸಿಜನ್ನಿಗೆ ಸರಿಯಾಗಿ ಅಯೊಡೈಡಿನಿಂದ ಅಯೊಡಿನ್ ಬಿಡಿಸುತ್ತದೆ. ಆ ಅಯೊಡಿನ್ ಮುಗಿಯಲು ಎಷ್ಟು ಹೈಪೋ (ಸೋಡಿಯಂ ಥಯೋಸಲ್ಫೇಟ್) ಬೇಕು ಅಂತ ಹನಿ ಹನಿಯಾಗಿ ಹಾಕಿ ಅಳೆಯುತ್ತೇವೆ, ಅದೇ ಟೈಟ್ರೇಟ್ ಮಾಡುವುದು. ಕೊನೆಗೆ ಸ್ಟಾರ್ಚ್ ಹಾಕುತ್ತೇವೆ; ಅಯೊಡಿನ್ ಇರುವಷ್ಟು ಹೊತ್ತು ಅದು ನೀಲಿ.

ಇಲ್ಲಿ ಹುಷಾರಾಗಿರಬೇಕಾದದ್ದು ನೀಲಿ ಮಾಯವಾದ ಮೇಲೆ. ಸ್ವಲ್ಪ ಹೊತ್ತಿಗೆ ನೀಲಿ ಮತ್ತೆ ಬರುತ್ತದೆ. ಗಾಳಿಯಿಂದ ಬರುವುದಾದರೆ ನಿಧಾನವಾಗಿ ಬರುತ್ತದೆ, ಅದನ್ನು ಬಿಟ್ಟುಬಿಡಿ, ಮೊದಲ ರೀಡಿಂಗೇ ಸರಿ. ಬೇಗನೆ ಬಂದರೆ ನಾನು ನೈಟ್ರೈಟನ್ನು ಅನುಮಾನಿಸುತ್ತೇನೆ. ಚರಂಡಿ ನೀರು ಸೇರುವ ಕೆರೆಗಳಲ್ಲಿ ಅದು ಸಾಮಾನ್ಯ. ಆಸಿಡ್‌ನಲ್ಲಿ ನೈಟ್ರೈಟ್ ಅಯೊಡೈಡನ್ನು ಅಯೊಡಿನ್ ಮಾಡಿ ತಾನು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದು ಗಾಳಿಯ ಆಕ್ಸಿಜನ್ ತಗೊಂಡು ಮತ್ತೆ ಮೊದಲಿನ ಕೆಲಸಕ್ಕೆ ಹಾಜರ್. ಎಷ್ಟು ಹೈಪೋ ಸುರಿದರೂ ಮುಗಿಯುವುದಿಲ್ಲ. ತಾಮ್ರದ ಅಂಶವಿದ್ದರೂ ಗಾಳಿಯ ಕೆಲಸ ಚುರುಕಾಗುತ್ತದೆ.

ನೈಟ್ರೈಟಿಗೆ ಮದ್ದು ಸೋಡಿಯಂ ಅಜೈಡ್. ಕ್ಷಾರ-ಅಯೊಡೈಡ್ ದ್ರಾವಣ ಮಾಡುವಾಗಲೇ ಸೇರಿಸಿಬಿಡುತ್ತೇನೆ. ಆಸಿಡ್ ಬಿದ್ದಾಗ ಅದು ನೈಟ್ರೈಟನ್ನು ಮುಗಿಸುತ್ತದೆ. ಆದರೆ ಅಜೈಡ್ ವಿಷ, ಆಸಿಡ್ ತಾಗಿದರೆ ವಿಷದ ಗಾಳಿಯೂ ಏಳುತ್ತದೆ. ಹಾಗಾಗಿ ಆಸಿಡ್ ಹಾಕುವುದು ವಿಷಗಾಳಿಯನ್ನು ಹೊರಕ್ಕೆ ಎಳೆಯುವ ಫ್ಯೂಮ್ ಹುಡ್ ಒಳಗೆ. ಉಳಿದದ್ದನ್ನು ಸಿಂಕಿಗೆ ಚೆಲ್ಲಬೇಡಿ. ಸೀಸ, ತಾಮ್ರದ ಪೈಪಿನಲ್ಲಿ ಕೂತರೆ ಸಿಡಿಯುವಂಥ ಉಪ್ಪು ಕಟ್ಟುತ್ತದೆ.