ತೊಟ್ಟು ಒಡೆದ ಬಾಣಂತಿಗೆ ನಾಲ್ಕು ಮಾತು

ಹಾಲು ಕುಡಿಸುವಾಗ ತೊಟ್ಟು ನೋಯುತ್ತದೆ ಅಂತ ಬಾಣಂತಿ ಹೇಳಿದರೆ ಮನೆಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. 'ಚೊಚ್ಚಲು ಅಲ್ವಾ, ಎಲ್ಲರಿಗೂ ಹಾಗೇ ಆಗುತ್ತೆ, ಸ್ವಲ್ಪ ತಡ್ಕೋ.' ನಾನು ಹಾಗೆ ಹೇಳುವುದಿಲ್ಲ. ಎಷ್ಟೋ ಬಾಣಂತನ ಮಾಡಿದ್ದೇನೆ, ನೋಡಿದ್ದೇನೆ. ತೊಟ್ಟು ಒಡೆದಿದೆ ಅಂದರೆ ಬಹುಪಾಲು ಮಗು ಬಾಯಿ ಹಾಕಿರುವ ರೀತಿ ಸರಿ ಇಲ್ಲ ಅಂತಲೇ ಅರ್ಥ. ಅದನ್ನು ಸರಿ ಮಾಡದೆ ಯಾವ ಎಣ್ಣೆ, ಯಾವ ಮುಲಾಮು ಹಚ್ಚಿದರೂ ಎರಡು ಗಂಟೆ ಬಿಟ್ಟು ಅದೇ ಗಾಯ ಅದೇ ಜಾಗದಲ್ಲಿ ಮತ್ತೆ ಬಾಯಿಬಿಡುತ್ತದೆ.

ಮೊದಲ ನಾಲ್ಕೈದು ದಿನ, ಮಗು ಬಾಯಿ ಹಾಕಿದ ಕೂಡಲೇ ಅರ್ಧ ನಿಮಿಷ ಚುರ್ ಅನ್ನುವುದುಂಟು. ಹಾಲು ಇಳಿಯಲು ಶುರುವಾದ ಮೇಲೆ ಅದು ಹೋಗಬೇಕು. ಕುಡಿಸುವಷ್ಟು ಹೊತ್ತೂ ನೋವಿದ್ದರೆ, ಮಗು ಅತ್ತರೆ ಸಾಕು ಎದೆ ಝಲ್ ಅನ್ನುತ್ತಿದ್ದರೆ, ಅದು ತಡೆದುಕೊಂಡು ಕೂರುವ ನೋವಲ್ಲ. ನನ್ನ ತಂಗಿಯ ಸೊಸೆ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಕೇಳಿದರೆ 'ಏನಿಲ್ಲ ದೊಡ್ಡತ್ತೆ' ಅನ್ನುವಳು. ಒಂದು ಸಲ ಕುಡಿಸುವಾಗ ಅವಳ ಕಾಲಿನ ಕಡೆ ನೋಡಿದೆ. ಬೆರಳುಗಳು ಚಾಪೆಗೆ ಒತ್ತಿಕೊಂಡು ಮಡಚಿದ್ದವು, ಹೆಗಲು ಕಿವಿಯ ಹತ್ತಿರ ಏರಿತ್ತು. ಬಾಣಂತನ ಮಾಡುವವರು ಕಣ್ಣಿಡಬೇಕಾದದ್ದು ಅಲ್ಲಿ.

ಹಿಡಿತ ಸರಿ ಇದೆಯೋ ಇಲ್ಲವೋ ಅಂತ ತಿಳಿಯಲು ಸುಲಭದ ದಾರಿ ಇದೆ. ಮಗು ಬಿಟ್ಟ ತಕ್ಷಣ ತೊಟ್ಟು ನೋಡು. ಮೊದಲಿನ ಹಾಗೇ ದುಂಡಗಿದ್ದರೆ ಸರಿ. ಚಪ್ಪಟೆಯಾಗಿ, ಒಂದು ಕಡೆ ಓರೆಯಾಗಿ, ತುದಿಯಲ್ಲಿ ಬಿಳಿ ಗೆರೆ ಕಂಡರೆ ಮಗು ಬರೀ ತೊಟ್ಟನ್ನೇ ಚೀಪಿದೆ. ಯಾಕೆ ನೋಯುತ್ತದೆ ಅಂತ ಗೊತ್ತಾಗಬೇಕಾದರೆ ನಿನ್ನ ನಾಲಿಗೆಯನ್ನೇ ಅಂಗುಳಕ್ಕೆ ತಾಗಿಸಿ ಹಿಂದಕ್ಕೆ ಎಳೆದು ನೋಡು. ಮುಂದೆ ಗಟ್ಟಿ, ಹಿಂದೆ ಹೋದ ಹಾಗೆ ಮೆತ್ತಗೆ. ತೊಟ್ಟು ಆ ಮೆತ್ತನೆ ಜಾಗದವರೆಗೆ ಹೋದರೆ ಅದಕ್ಕೆ ಏನೂ ಆಗುವುದಿಲ್ಲ. ಮುಂದೆಯೇ ಉಳಿದರೆ ಗಟ್ಟಿ ಅಂಗುಳಕ್ಕೂ ನಾಲಿಗೆಗೂ ನಡುವೆ ಸಿಕ್ಕಿ ಪ್ರತಿ ಸಲ ಚೀಪಿದಾಗಲೂ ಉಜ್ಜಿಸಿಕೊಳ್ಳುತ್ತದೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸುವಾಗ ಆ ಎಳೆ ಚರ್ಮ ಎಷ್ಟು ತಡೆಯುತ್ತದೆ ಹೇಳು.

ಹಾಗಾದರೆ ಹೇಗೆ ಹಿಡಿಸಬೇಕು? ಮೊದಲು ನೀನು ಸರಿಯಾಗಿ ಕೂರು. ನಮ್ಮ ಕಡೆ ಕಾಲು ನೀಡಿ ಕೂತು, ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಅದರ ಮೇಲೆ ಬಗ್ಗಿ ಎದೆ ಕೊಡುವುದು ರೂಢಿ. ಬೆನ್ನೂ ಹೋಗುತ್ತದೆ, ತೊಟ್ಟೂ ಹೋಗುತ್ತದೆ. ಗೋಡೆಗೋ ದಿಂಬಿಗೋ ಬೆನ್ನು ಕೊಟ್ಟು ಕೂರು. ಮಡಿಲಲ್ಲಿ ದಿಂಬಿಟ್ಟು ಮಗುವನ್ನು ಎದೆಯ ಮಟ್ಟಕ್ಕೆ ತಂದುಕೋ. ಮಗು ನಿನ್ನ ಕಡೆಗೆ ಪೂರ್ತಿ ತಿರುಗಿರಬೇಕು, ಅದರ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಬೇಕು. ಕತ್ತು ಮಾತ್ರ ತಿರುಗಿಸಿ ಕುಡಿಯುವ ಹಾಗಿರಬಾರದು. ಹಾಗೆ ಕತ್ತು ತಿರುಗಿಸಿಕೊಂಡು ನೀನು ಒಂದು ಲೋಟ ನೀರು ಕುಡಿದು ನೋಡು, ಮಗುವಿನ ಕಷ್ಟ ಗೊತ್ತಾಗುತ್ತದೆ.

ಈಗ ತೊಟ್ಟು ಮಗುವಿನ ಬಾಯಿಗಲ್ಲ, ಮೂಗಿಗೆ ನೇರವಾಗಿರಲಿ. ತೊಟ್ಟಿನಿಂದ ಮೇಲ್ತುಟಿಯನ್ನು ಮೆತ್ತಗೆ ಸವರು. ಅವಸರ ಬೇಡ. ಮಗು ಸ್ವಲ್ಪ ಬಾಯಿ ತೆರೆದ ಕೂಡಲೇ ತುರುಕಬೇಡ. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುವವರೆಗೆ ಕಾಯಿ. ತೆರೆದ ಕ್ಷಣ ಮಗುವನ್ನು ಎದೆಗೆ ತಂದುಕೋ, ಗದ್ದ ಮೊದಲು ತಾಗಲಿ. ತಲೆಯ ಹಿಂಭಾಗ ಒತ್ತಬೇಡ, ಒತ್ತಿದರೆ ಮಗು ಹಿಂದಕ್ಕೇ ಜಗ್ಗುತ್ತದೆ. ಕತ್ತಿನ ಬುಡಕ್ಕೂ ಹೆಗಲಿಗೂ ಕೈ ಕೊಟ್ಟರೆ ಸಾಕು. ಸರಿಯಾಗಿ ಹಿಡಿದಿದ್ದರೆ ಗದ್ದ ಎದೆಯಲ್ಲಿ ಹೂತಿರುತ್ತದೆ, ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ಕೆನ್ನೆ ಉಬ್ಬಿರುತ್ತದೆ. ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ತುಟಿಯ ಮೇಲೆ ಸ್ವಲ್ಪ ಕಾಣಬಹುದು, ಕೆಳಗಡೆ ಕಾಣುವುದೇ ಕಡಿಮೆ. ಸ್ವಲ್ಪ ಹೊತ್ತಿಗೆ ಗುಟುಕು ನುಂಗುವ ಸದ್ದು ಕೇಳುತ್ತದೆ. ಚಪ್ ಚಪ್ ಅಂತ ಸದ್ದು ಬಂದು ಕೆನ್ನೆ ಒಳಕ್ಕೆ ಕುಳಿ ಬೀಳುತ್ತಿದ್ದರೆ ಹಿಡಿತ ತಪ್ಪಿದೆ.

ತಪ್ಪಿದ್ದರೆ ಹಾಗೇ ಬಿಡಬೇಡ, ಎಳೆದು ಬಿಡಿಸಲೂಬೇಡ. ಎಳೆದಾಗಲೇ ಗಾಯ ಜಾಸ್ತಿಯಾಗುವುದು. ಕಿರುಬೆರಳು ತೊಳೆದು, ಮಗುವಿನ ಬಾಯಿಯ ಅಂಚಿನಿಂದ ಒಸಡುಗಳ ಮಧ್ಯೆ ಮೆಲ್ಲಗೆ ತೂರಿಸು. ಹಿಡಿತ ಸಡಿಲವಾಗುತ್ತದೆ, ತೊಟ್ಟು ತಾನಾಗಿ ಬಿಟ್ಟುಕೊಳ್ಳುತ್ತದೆ. ಮತ್ತೆ ಹಿಡಿಸು. ಐದಾರು ಸಲವಾದರೂ ಪರವಾಗಿಲ್ಲ, ಮಗುವೂ ಕಲಿಯುತ್ತಿದೆ. ಉಗುರು ಮಾತ್ರ ಕತ್ತರಿಸಿರಲಿ.

ಹಿರಿಯರು ಹೇಳಿಕೊಡುವ ಒಂದು ಅಭ್ಯಾಸವನ್ನು ಮಾತ್ರ ಬಿಟ್ಟುಬಿಡು. ಮಗುವಿಗೆ ಉಸಿರು ಕಟ್ಟುತ್ತದೆ ಅಂತ ಎರಡು ಬೆರಳಿನ ಸಂದಿಯಲ್ಲಿ ತೊಟ್ಟು ಹಿಡಿದು ಕೊಡುತ್ತಾರಲ್ಲ, ಅದು. ಬೆರಳೇ ಅಡ್ಡ ಇದ್ದರೆ ಮಗು ಕಪ್ಪು ಭಾಗವನ್ನು ಬಾಯೊಳಗೆ ತೆಗೆದುಕೊಳ್ಳುವುದು ಹೇಗೆ? ಎದೆಗೆ ಆಸರೆ ಬೇಕಿದ್ದರೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ಕಪ್ಪು ಭಾಗದಿಂದ ಸಾಕಷ್ಟು ಹಿಂದೆ ಹಿಡಿ. ಎಳೆಮಗುವಿನ ಮೂಗು ಮೊಂಡಾಗಿರುವುದು ಇದಕ್ಕೇ, ಪಕ್ಕದಿಂದ ಉಸಿರಾಡುತ್ತದೆ. ಮೂಗು ತೀರಾ ಮುಚ್ಚಿದಂತೆ ಕಂಡರೆ ಮಗುವಿನ ಕುಂಡೆಯನ್ನು ನಿನ್ನ ಕಡೆಗೆ ಸ್ವಲ್ಪ ಒತ್ತಿಕೋ, ಮುಖ ತಾನಾಗಿ ಹಿಂದಕ್ಕೆ ವಾಲುತ್ತದೆ.

ಸಿಸೇರಿಯನ್ ಆದವರಿಗೆ ಹೊಟ್ಟೆಯ ಮೇಲೆ ಮಗುವಿನ ಭಾರ ತಡೆಯಲು ಆಗುವುದಿಲ್ಲ. ಪಕ್ಕಕ್ಕೆ ಮಲಗಿ ಕುಡಿಸಬಹುದು, ಇಲ್ಲವೇ ಮಗುವಿನ ಕಾಲು ಹಿಂದಕ್ಕೆ ಬರುವ ಹಾಗೆ ಕಂಕುಳಡಿಯಲ್ಲಿ ದಿಂಬಿನ ಮೇಲೆ ಇಟ್ಟುಕೊಂಡು ಕುಡಿಸಬಹುದು. ತೊಟ್ಟು ಒಡೆದವರಿಗೂ ಇದು ಒಳ್ಳೆಯದು. ಭಂಗಿ ಬದಲಾದರೆ ಒತ್ತಡ ಬೀಳುವ ಜಾಗವೂ ಬದಲಾಗುತ್ತದೆ, ಗಾಯಕ್ಕೆ ಬಿಡುವು ಸಿಗುತ್ತದೆ.

ಮೂರನೇ ದಿನದಿಂದ ಐದನೇ ದಿನದೊಳಗೆ ಹಾಲು ತುಂಬಿ ಎದೆ ಕಲ್ಲಿನಂತಾಗುವುದುಂಟು. ಕಪ್ಪು ಭಾಗವೇ ಬಿಗಿದು ನಿಂತರೆ ಮಗುವಿಗೆ ಹಿಡಿಯಲು ಏನೂ ಸಿಗದೆ ತೊಟ್ಟಿನ ಮೇಲೇ ಜಾರುತ್ತದೆ. ಕುಡಿಸುವ ಮೊದಲು ಬೆಚ್ಚಗಿನ ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಇಟ್ಟು, ತೊಟ್ಟಿನ ಬುಡದ ಸುತ್ತ ಬೆರಳ ತುದಿಗಳಿಂದ ಒಂದು ನಿಮಿಷ ಒಳಮುಖವಾಗಿ ಮೆತ್ತಗೆ ಒತ್ತಿ ಹಿಡಿ. ಆಮೇಲೆ ಕೈಯಿಂದ ಸ್ವಲ್ಪ ಹಾಲು ಹಿಂಡಿ ತೆಗೆ. ಕಪ್ಪು ಭಾಗ ಮೆತ್ತಗಾದ ಮೇಲೆ ಮಗುವನ್ನು ಹಾಕಿಕೋ. ಕುಡಿಸಿದ ನಂತರ ತಣ್ಣೀರ ಬಟ್ಟೆ ಹಿತವಾಗಿರುತ್ತದೆ. ನೋವು ಅಂತ ಕುಡಿಸುವುದನ್ನು ಮುಂದೂಡಿದರೆ ಎದೆ ಇನ್ನೂ ಬಿಗಿಯುತ್ತದೆ. ಹಸಿದು ರೊಚ್ಚಿಗೆದ್ದ ಮಗು ಮೆತ್ತಗೆ ಹಿಡಿಯುವುದೂ ಇಲ್ಲ. ಮಗು ಕೈ ಚೀಪುತ್ತಾ, ತಲೆ ಆಚೀಚೆ ಹೊರಳಿಸುತ್ತಿರುವಾಗಲೇ ಎತ್ತಿಕೋ, ಅಳುವವರೆಗೆ ಕಾಯಬೇಡ. ನೋವು ಕಡಿಮೆ ಇರುವ ಕಡೆಯಿಂದ ಶುರು ಮಾಡು, ಮೊದಲ ಹಸಿವಿನ ಜೋರು ಅಲ್ಲಿ ಇಳಿದಿರುತ್ತದೆ.

ಗಾಯದಿಂದ ರಕ್ತ ಬಂದು ಹಾಲಿನ ಜೊತೆ ಮಗುವಿನ ಹೊಟ್ಟೆಗೆ ಹೋದರೆ ಹೆದರಬೇಡ. ಮಗು ಕಕ್ಕಿದಾಗ ಒಂದಿಷ್ಟು ಕೆಂಪು ಕಾಣಬಹುದು, ಅದರಿಂದ ಮಗುವಿಗೆ ತೊಂದರೆ ಇಲ್ಲ. ಒಂದು ಕಡೆ ಮುಟ್ಟಲೂ ಆಗದಷ್ಟು ನೋವಿದ್ದರೆ ಆ ಕಡೆಗೆ ಒಂದೆರಡು ದಿನ ಬಿಡುವು ಕೊಡು. ಆದರೆ ಹಾಲು ಒಳಗೇ ಬಿಡಬೇಡ. ಮಗು ಕುಡಿಯುವ ಹೊತ್ತಿಗೆಲ್ಲ ಕೈಯಿಂದ ಹಿಂಡಿ, ಚೆನ್ನಾಗಿ ಕುದಿಸಿದ ಒಳಲೆಯಲ್ಲಿ ಕುಡಿಸು. ಬಾಟಲಿ ಬೇಡ. ಅದರ ತೊಟ್ಟು ಚೀಪುವ ರೀತಿ ಬೇರೆ, ಆ ರೂಢಿಯಲ್ಲೇ ಬಂದು ಎದೆ ಹಿಡಿದರೆ ಮತ್ತೆ ನಿನಗೇ ನೋವು.

ಹಚ್ಚುವ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಮೊದಲು ಕೇಳುವುದೇ ಅದನ್ನು. ಕುಡಿಸಿ ಮುಗಿದ ಮೇಲೆ ನಿನ್ನದೇ ಹಾಲು ಎರಡು ಹನಿ ಹಿಂಡಿ ತೊಟ್ಟಿಗೆ ಸವರಿ, ಗಾಳಿಗೆ ಆರಲು ಬಿಡು. ಕೈ ತೊಳೆದಿರಬೇಕು, ಅಷ್ಟೇ. ಗಾಯ ಒಣಗಿ ಬಿರಿಯುತ್ತಿದ್ದರೆ ಶುದ್ಧ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಬಹುದು. ಮೆಡಿಕಲ್ ಶಾಪಿನಲ್ಲಿ ಬಾಣಂತಿಯರಿಗೆಂದೇ ಶುದ್ಧ ಲ್ಯಾನೋಲಿನ್ ಕ್ರೀಮ್ ಸಿಗುತ್ತದೆ, ಕುಡಿಸುವ ಮುಂಚೆ ಅದನ್ನು ಒರೆಸಬೇಕಾಗಿಯೂ ಇಲ್ಲ. ತುಪ್ಪ ಹಚ್ಚುವ ಮನೆಗಳಿವೆ. ಹಚ್ಚುವುದೇ ಆದರೆ ಅಡುಗೆಮನೆ ಡಬ್ಬಿಯಲ್ಲಿ ದಿನಾ ಚಮಚ ಅದ್ದುವ ತುಪ್ಪ ಬೇಡ, ಬೇರೆ ತೆಗೆದಿಟ್ಟದ್ದಿರಲಿ.

ಜೇನುತುಪ್ಪ ಮಾತ್ರ ಯಾವ ಕಾರಣಕ್ಕೂ ಬೇಡ. ತೊಟ್ಟಿಗೂ ಬೇಡ, ಮಗುವಿನ ನಾಲಿಗೆಗೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ರೋಗಾಣು ಒಂದು ವರ್ಷದೊಳಗಿನ ಮಗುವಿನ ಹೊಟ್ಟೆಯಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು, ಮಗುವಿನ ಕೈಕಾಲು ಸೋತುಹೋಗುತ್ತದೆ, ಉಸಿರಿಗೂ ತೊಂದರೆಯಾಗುತ್ತದೆ. ಅರಿಶಿನದ ಪಟ್ಟು, ಹರಳೆಣ್ಣೆ, ಮರಗಟ್ಟಿಸುವ ಮುಲಾಮು ಎಲ್ಲ ಮಗುವಿನ ಬಾಯಿಗೇ ಹೋಗುತ್ತದೆ ಅನ್ನುವುದು ನೆನಪಿರಲಿ. ಪ್ರತಿ ಸಲ ಸೋಪು, ಡೆಟಾಲ್ ಹಾಕಿ ತೊಳೆಯುವುದೂ ತಪ್ಪು. ಕಪ್ಪು ಭಾಗದಲ್ಲಿ ಸಣ್ಣ ಗುಳ್ಳೆಗಳಂತೆ ಕಾಣುತ್ತವಲ್ಲ, ಅವು ಸಹಜವಾಗಿಯೇ ಎಣ್ಣೆ ಒಸರಿ ಚರ್ಮ ಕಾಯುವ ಗ್ರಂಥಿಗಳು. ಸೋಪು ಆ ಜಿಡ್ಡನ್ನೆಲ್ಲ ತೆಗೆದುಬಿಡುತ್ತದೆ. ದಿನಕ್ಕೊಮ್ಮೆ ಸ್ನಾನದ ನೀರು ಬಿದ್ದರೆ ಸಾಕು.

ಸ್ನಾನ ಅಂದ ಮೇಲೆ ಬಾಣಂತಿಗೆ ನೀರು ಹಾಕುವ ಅಮ್ಮಂದಿರಿಗೆ, ಅತ್ತೆಯರಿಗೆ ಒಂದು ಮಾತು. ಹಂಡೆಯ ಸುಡುಸುಡು ನೀರು ಬೆನ್ನಿಗೆ, ಸೊಂಟಕ್ಕೆ ಹಿತ ಅಂತ ಎದೆಗೂ ಚೊಂಬಿನಿಂದ ರಪ್ಪನೆ ಹೊಯ್ಯಬೇಡಿ. ಸೀಗೆಪುಡಿ, ಕಡಲೆಹಿಟ್ಟು ಹಾಕಿ ತೊಟ್ಟು ಉಜ್ಜಬೇಡಿ. ಗಂಟು ಕರಗಲಿ ಅಂತ ಎದೆಯನ್ನು ಬಲವಾಗಿ ತಿಕ್ಕಿದರೆ ಒಳಗೆ ಬಾವು ಜಾಸ್ತಿಯಾಗುತ್ತದೆ. ಇನ್ನೊಂದು, 'ಹಾಲು ಸಾಲುತ್ತಿಲ್ಲ' ಅನ್ನುವ ಮಾತನ್ನು ಅವಳ ಮುಂದೆ ಹಗುರವಾಗಿ ಆಡಬೇಡಿ. ನೋವಿಗೆ ಹೆದರಿ ಕಡಿಮೆ ಕುಡಿಸಿದರೆ ಹಾಲು ಕಡಿಮೆಯಾಗುತ್ತದೆ, ಆಮೇಲೆ ಡಬ್ಬದ ಪುಡಿ ಬರುತ್ತದೆ, ಅಲ್ಲಿಗೆ ಎದೆಹಾಲು ನಿಂತೇ ಹೋಗುತ್ತದೆ. ಒಂದು ವಾರ ದಾಟಿದ ಮಗು ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ.

ಒಳಬಟ್ಟೆ ಬಿಗಿ ಬೇಡ, ಹತ್ತಿಯದಿರಲಿ. ಹಾಲು ಸೋರುವುದಕ್ಕೆ ಹಳೆ ಪಂಚೆ ಚೌಕವಾಗಿ ಕತ್ತರಿಸಿ, ಒಗೆದು ಬಿಸಿಲಿಗೆ ಒಣಗಿಸಿ ಇಟ್ಟುಕೋ. ಒದ್ದೆಯಾದ ಕೂಡಲೇ ಬದಲಾಯಿಸು. ಬಟ್ಟೆ ಗಾಯಕ್ಕೆ ಅಂಟಿಕೊಂಡಿದ್ದರೆ ಕಿತ್ತು ತೆಗೆಯಬೇಡ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ತಾನಾಗಿ ಬಿಡುವವರೆಗೆ ಕಾಯಿ. ಮಲೆನಾಡು, ಕೊಡಗಿನ ಮಳೆಗಾಲದ ಚಳಿಯಲ್ಲಿ ಕೆಲವರಿಗೆ ಕುಡಿಸಿದ ಮೇಲೆ ತೊಟ್ಟು ಬೆಳ್ಳಗಾಗಿ ಸೆಳೆಯುತ್ತದೆ. ಅಂಥವರು ಗಾಳಿಗೆ ಆರಿಸಬಾರದು, ಕೂಡಲೇ ಅಂಗೈ ಶಾಖ ಕೊಟ್ಟು ಬೆಚ್ಚಗೆ ಮುಚ್ಚಿಕೊಳ್ಳಬೇಕು.

ತೊಟ್ಟು ಒಳಕ್ಕಿದ್ದರೆ ಆಸ್ಪತ್ರೆಯ ನರ್ಸ್ ಹತ್ತಿರ ಸಿರಿಂಜ್ ಉಪಾಯ ಕೇಳು. 10 ಅಥವಾ 20 ಎಂ.ಎಲ್. ಹೊಸ ಸಿರಿಂಜಿನ ಸೂಜಿ ಕೂರುವ ತುದಿ ಕತ್ತರಿಸಿ, ಒಳಗಿನ ದಂಡವನ್ನು ಕತ್ತರಿಸಿದ ಕಡೆಯಿಂದ ಹಾಕುತ್ತಾರೆ. ನಯವಾದ ಕಡೆಯನ್ನು ತೊಟ್ಟಿನ ಮೇಲಿಟ್ಟು ಮೆಲ್ಲಗೆ ಎಳೆದರೆ ತೊಟ್ಟು ಹೊರಗೆ ಬರುತ್ತದೆ. ಮೊದಲ ಸಲ ಅವರ ಕೈಯಲ್ಲೇ ಮಾಡಿಸು. ಗಾಯ ಇರುವಾಗ ಇದು ಬೇಡ.

ಹಿಡಿತ ಸರಿಯಾದ ಮೇಲೆ ನೋವು ಒಂದೆರಡು ದಿನದಲ್ಲಿ ಇಳಿಮುಖವಾಗಬೇಕು. ಆಗದಿದ್ದರೆ ಬೇರೆ ಕಾರಣ ಹುಡುಕಬೇಕು. ಮಗುವಿನ ನಾಲಿಗೆ ಕೆಳಗಿನ ಪೊರೆ ಗಿಡ್ಡವಿದ್ದರೆ ನಾಲಿಗೆ ಮುಂದಕ್ಕೆ ಚಾಚುವುದಿಲ್ಲ, ಅದನ್ನು ಮಕ್ಕಳ ಡಾಕ್ಟರ್ ನೋಡಬೇಕು. ಚೆನ್ನಾಗಿದ್ದ ತೊಟ್ಟು ಇದ್ದಕ್ಕಿದ್ದಂತೆ ಕೆಂಪಗೆ ಹೊಳೆಯುತ್ತಾ ಉರಿದರೆ, ಮಗುವಿನ ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಪದರ ಇದ್ದರೆ, ಅದು ಫಂಗಸ್ ಇರಬಹುದು. ತಾಯಿಗೂ ಮಗುವಿಗೂ ಒಟ್ಟಿಗೇ ಔಷಧಿ ಆಗಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ. ಎದೆಯ ಒಂದು ಭಾಗ ಕೆಂಪಾಗಿ, ಗಟ್ಟಿಯಾಗಿ, ಮುಟ್ಟಿದರೆ ಬಿಸಿಯಾಗಿ, ಚಳಿ ಜ್ವರ ಬಂದರೆ, ಗಾಯದಲ್ಲಿ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗು. ಮನೆಮದ್ದಿನಲ್ಲಿ ಕಾಲ ಕಳೆಯುವ ವಿಷಯ ಅಲ್ಲ ಅದು. ಆಗಲೂ ಸಾಮಾನ್ಯವಾಗಿ ಹಾಲು ನಿಲ್ಲಿಸಬೇಕಾಗಿಲ್ಲ. ಹಾಲೂಡಿಸುತ್ತಿದ್ದೇನೆ ಅಂತ ಡಾಕ್ಟರಿಗೆ ಮೊದಲೇ ಹೇಳಿದರೆ ಅದಕ್ಕೆ ಹೊಂದುವ ಮಾತ್ರೆ ಕೊಡುತ್ತಾರೆ.

ಆಸ್ಪತ್ರೆ ದೂರವಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳು. ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ನೋಡಬೇಕು ಅಂತಲೇ ಇದೆ. ಬಂದಾಗ ಬಾಗಿಲಲ್ಲೇ 'ಎಲ್ಲ ಚೆನ್ನಾಗಿದೆ' ಅಂತ ಕಳಿಸಬೇಡ. ಒಳಗೆ ಕರೆದು, ಅವರ ಎದುರೇ ಒಂದು ಸಲ ಕುಡಿಸಿ ತೋರಿಸು.

ಆರೇಳು ತಿಂಗಳಿಗೆ ಹಲ್ಲು ಬರುವಾಗ ಮತ್ತೊಂದು ಸುತ್ತು ನೋವು ಬರಬಹುದು. ಗುಟುಕು ನುಂಗುತ್ತಿರುವ ಮಗು ಕಚ್ಚಲಾರದು, ನಾಲಿಗೆ ಕೆಳಹಲ್ಲಿನ ಮೇಲೆ ಹರಡಿರುತ್ತದೆ. ಹೊಟ್ಟೆ ತುಂಬಿ ಆಟಕ್ಕೆ ಇಳಿದಾಗಲೇ ಕಚ್ಚುವುದು. ನುಂಗುವುದು ನಿಲ್ಲಿಸಿ ಆಚೀಚೆ ನೋಡಲು ಶುರು ಮಾಡಿದ ಕೂಡಲೇ ಬೆರಳು ಹಾಕಿ ಬಿಡಿಸಿಬಿಡು. ಕಚ್ಚಿಯೇಬಿಟ್ಟರೆ ಕಿರುಚಿ ಎಳೆಯಬೇಡ. ಮಗುವನ್ನು ಎದೆಗೇ ಒಂದು ಕ್ಷಣ ಹತ್ತಿರ ಒತ್ತಿಕೋ, ಬಾಯಿ ಬಿಡುತ್ತದೆ. ಒಸಡು ನವೆಯಾಗಿ ಕಚ್ಚುತ್ತಿದ್ದರೆ, ಕುಡಿಸುವ ಮೊದಲು ಶುದ್ಧ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ ಸ್ವಲ್ಪ ಹೊತ್ತು ಅಗಿಯಲು ಕೊಡು.