ಮೊದಲ ಸಲ ವಿಮಾನ ಹತ್ತುವ ನಮ್ಮೂರ ಹಿರಿಯರಿಗೆ

ಶಿರಸಿ, ಕುಮಟಾ, ಅಂಕೋಲಾ ಕಡೆಯ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು, ಪುಣೆ, ದುಬೈ, ಅಮೆರಿಕ ಎಂದು ಹೋಗಿ ನೆಲೆಸಿದ್ದಾರೆ. ಟಿಕೆಟ್ ಮಾಡಿ ಫೋನಿಗೆ ಕಳಿಸುವವರು ಅವರು, ವಿಮಾನ ಹತ್ತುವವರು ಊರಲ್ಲಿರುವ ಅಪ್ಪ-ಆಯಿ. ವರ್ಷಗಟ್ಟಲೆ ಕ್ಯಾಬಿನ್ ಸಿಬ್ಬಂದಿಯಾಗಿ ಹಾರಾಡಿ ನಾನು ಈಗ ಶಿರಸಿಗೆ ಮರಳಿದ್ದೇನೆ. ಊರಲ್ಲಿ ಯಾರಿಗೆ ಪ್ರಯಾಣವಿದ್ದರೂ ನಮ್ಮನೆ ಜಗಲಿಗೆ ಬಂದು ಕೇಳಿ ಹೋಗುತ್ತಾರೆ. ಅವರು ಕೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸಮವಸ್ತ್ರ ಹಾಕಿ ನಿಂತ ಹುಡುಗ-ಹುಡುಗಿಯರನ್ನು ಏನಾದರೂ ಕೇಳಲು ಸಂಕೋಚಪಡಬೇಡಿ. ತಿಂಡಿ, ನೀರು ಕೊಡುವುದು ಅವರ ಕೆಲಸದ ಸಣ್ಣ ಪಾಲು. ಬೆಂಕಿ ಆರಿಸುವುದು, ಬಾಗಿಲು ತೆರೆದು ಜನರನ್ನು ಹೊರಗೆ ಕಳಿಸುವುದು, ಪ್ರಥಮ ಚಿಕಿತ್ಸೆ, ಹೆರಿಗೆ ಮಾಡಿಸುವುದು, ಎಲ್ಲವನ್ನೂ ಕಲಿತು ಪರೀಕ್ಷೆ ಪಾಸಾದ ಮೇಲೆಯೇ ಅವರು ಅಲ್ಲಿ ನಿಂತಿರುತ್ತಾರೆ. ಕೇಳದೆ ಕಷ್ಟಪಡುವ ಪ್ರಯಾಣಿಕರನ್ನು ಕಂಡಾಗ ನಮಗೆ ಬಹಳ ಬೇಸರವಾಗುತ್ತಿತ್ತು.

ಹೊರಡುವ ಮೊದಲು

ನಮ್ಮ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ಇಳಿಯುವ ನಿಲ್ದಾಣವಿಲ್ಲ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ, ಭಟ್ಕಳದವರಿಗೆ ಮಂಗಳೂರು, ಕಾರವಾರದವರಿಗೆ ಗೋವಾ ಹತ್ತಿರ. ಗೋವಾ ಎಂದಾಗ ಮಾತ್ರ ಟಿಕೆಟನ್ನು ಇನ್ನೊಮ್ಮೆ ನೋಡಿ. 2023ರ ಜನವರಿಯಿಂದ ಅಲ್ಲಿ ಎರಡು ನಿಲ್ದಾಣಗಳಿವೆ. ಟಿಕೆಟಿನಲ್ಲಿ ಜಿಒಐ (GOI) ಎಂದಿದ್ದರೆ ವಾಸ್ಕೋ ಬದಿಯ ದಾಬೋಲಿಂ, ಜಿಒಎಕ್ಸ್ (GOX) ಎಂದಿದ್ದರೆ ಮಹಾರಾಷ್ಟ್ರದ ಗಡಿ ಹತ್ತಿರದ ಮೋಪಾ. ಕಾರವಾರದಿಂದ ಮೋಪಾಕ್ಕೆ ಇಡೀ ಗೋವಾ ದಾಟಿ ಹೋಗಬೇಕು. ಟ್ಯಾಕ್ಸಿಯವನಿಗೆ ಬರೀ 'ಗೋವಾ ಏರ್‌ಪೋರ್ಟ್' ಎನ್ನಬೇಡಿ.

ದೇಶದೊಳಗಿನ ಹಾರಾಟಕ್ಕೆ ಲಗೇಜ್ ತೆಗೆದುಕೊಳ್ಳುವ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು ಮುಚ್ಚುತ್ತದೆ, ಹತ್ತುವ ಗೇಟು 25 ನಿಮಿಷ ಮೊದಲು. ಎರಡು ಗಂಟೆ ಮೊದಲೇ ಅಲ್ಲಿರಿ. ಮಳೆಗಾಲದಲ್ಲಿ ಇದಕ್ಕೂ ಬೇಗ ಹೊರಡಬೇಕು. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿ ಹೋಗಿದ್ದನ್ನು ನಾವ್ಯಾರೂ ಮರೆತಿಲ್ಲ. ಮಂಡಿನೋವು ಇದ್ದವರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಮಕ್ಕಳಿಂದ ಬರೆಸಿ. ಕೊನೇಪಕ್ಷ 48 ಗಂಟೆ ಮೊದಲು ತಿಳಿಸಿರಬೇಕು.

ಇನ್ನು ಚೀಲಕ್ಕೆ ಏನೇನು ತುಂಬಬಹುದು? ಹೆಚ್ಚು ಜನ ಕೇಳುವುದು ಇದನ್ನೇ. ಒಣ ಕೊಬ್ಬರಿ ಬೇಡವೇ ಬೇಡ, ಕೈಚೀಲದಲ್ಲೂ ಬೇಡ, ಕೌಂಟರಿನಲ್ಲಿ ಕೊಡುವ ದೊಡ್ಡ ಬ್ಯಾಗಿನಲ್ಲೂ ಬೇಡ. ಅದರ ಎಣ್ಣೆಯಂಶಕ್ಕೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವ ಗುಣವಿದೆ ಎಂದು ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ಕೊಬ್ಬರಿ ಗಿಟುಕನ್ನು ಮಗಳಿಗೆಂದು ಪ್ರೀತಿಯಿಂದ ಕಟ್ಟಿ ತಂದವರು ಅದನ್ನು ಅಲ್ಲೇ ಬಿಟ್ಟು ಬರುವುದನ್ನು ನೋಡಲಾಗುವುದಿಲ್ಲ. ಇಡೀ ಹಸಿ ತೆಂಗಿನಕಾಯಿಯನ್ನು ದೊಡ್ಡ ಬ್ಯಾಗಿಗೆ ಹಾಕಿ. ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪ, ಜೋನಿಬೆಲ್ಲಗಳೂ ಅಲ್ಲಿಗೇ, ಮುಚ್ಚಳಕ್ಕೆ ಟೇಪು ಸುತ್ತಿ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ತೊಡದೇವು ಪುಡಿಯಾಗಬಾರದೆಂದರೆ ಗಟ್ಟಿ ಡಬ್ಬಿಯಲ್ಲಿಟ್ಟು ಕೈಯಲ್ಲೇ ಹಿಡಿದುಕೊಳ್ಳಿ. ಕವಳದ (ಎಲೆಯಡಿಕೆಯ) ಸಂಚಿ ಬಿಟ್ಟಿರಲಾಗದವರು ಅಡಕತ್ತರಿಯನ್ನು ಮಾತ್ರ ತೆಗೆದು ದೊಡ್ಡ ಬ್ಯಾಗಿಗೆ ಹಾಕಬೇಕು, ಇಲ್ಲದಿದ್ದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ: ಅದು ಕೈಚೀಲದಲ್ಲೇ ಇರಬೇಕು, ಹಾರಾಟದಲ್ಲಿ ಅದರಿಂದ ಚಾರ್ಜ್ ಮಾಡಬೇಡಿ. ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ನಾವು ಆರಿಸಬಹುದು, ಕೆಳಗಿನ ಸರಕಿನ ಕೋಣೆಯಲ್ಲಿ ಕೈ ಹಾಕುವವರಿಲ್ಲ.

ಔಷಧಿಗಳೆಲ್ಲ ಕೈಚೀಲದಲ್ಲಿ, ವೈದ್ಯರ ಚೀಟಿಯೊಡನೆ. ಇನ್ಸುಲಿನ್ ಅಂತೂ ಖಂಡಿತ.

ಸೀಟಿನಲ್ಲಿ ಕುಳಿತ ಮೇಲೆ

ಬೆಲ್ಟಿನ ಕೊಂಡಿಯನ್ನು ಎರಡು-ಮೂರು ಸಲ ಹಾಕಿ ತೆಗೆದು ನೋಡಿ. ಕಾರಿನಲ್ಲಿ ಗುಂಡಿ ಒತ್ತುತ್ತೇವೆ, ಇಲ್ಲಿ ಮೇಲಿನ ತಗಡನ್ನು ಎತ್ತಬೇಕು. ಗಾಬರಿಯಲ್ಲಿ ಕೈ ತನ್ನ ಹಳೆಯ ಅಭ್ಯಾಸದಂತೆ ಗುಂಡಿಯನ್ನೇ ಹುಡುಕುತ್ತದೆ. ನಂತರ ಹತ್ತಿರದ ಬಾಗಿಲಿಗೆ ಎಷ್ಟು ಸಾಲು ಎಂದು ಎಣಿಸಿಕೊಳ್ಳಿ, ಹಿಂದಿನದನ್ನೂ ಸೇರಿಸಿ. ಹೊಗೆ ತುಂಬಿದರೆ ಕಣ್ಣು ಕಾಣುವುದಿಲ್ಲ, ಸೀಟಿನ ಬೆನ್ನು ಮುಟ್ಟುತ್ತ ಎಣಿಸಿಯೇ ಹೋಗಬೇಕಾಗುತ್ತದೆ. ಏರುವಾಗ, ಇಳಿಯುವಾಗ ಕಿಟಕಿ ಪರದೆ ತೆರೆಸುವುದು ಹೊರಗೆ ಬೆಂಕಿಯಿದೆಯೇ ಎಂದು ಕಾಣಲಿ ಎಂದು. ರಾತ್ರಿ ದೀಪ ಮಂದ ಮಾಡುವುದು ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಎಂದು.

ಶೌಚಾಲಯದ ಚಿಲಕ ಸಿಕ್ಕಿಹಾಕಿಕೊಂಡರೆ ಎಂಬ ಭಯಕ್ಕೆ ಎಷ್ಟೋ ಅಜ್ಜಿಯರು ನೀರೇ ಕುಡಿಯುವುದಿಲ್ಲ. ಆ ಚಿಲಕವನ್ನು ಸಿಬ್ಬಂದಿ ಹೊರಗಿನಿಂದಲೇ ತೆಗೆಯಬಲ್ಲರು. ಕ್ಯಾಬಿನ್ನಿನ ಗಾಳಿ ತುಂಬಾ ಒಣ, ನೀರು ಕುಡಿಯಲೇಬೇಕು. ಕಡಿಮೆ ದರದ ವಿಮಾನಗಳಲ್ಲಿ ತಿಂಡಿಗೆ ದುಡ್ಡು, ಕುಡಿಯುವ ನೀರನ್ನು ಕೇಳಿದರೆ ಕೊಡುತ್ತಾರೆ.

"ತಂಗೀ, ಕಿವಿ ಒಡದು ಹೋಗ್ತಡ, ಹೌದನೇ?" ಎಂದು ನಮ್ಮ ಕೇರಿಯ ದೊಡ್ಡಮ್ಮ ಕೇಳಿದ್ದರು. ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಟ್ಟಿರುತ್ತಾರೆ. ಇಳಿಯುವಾಗ ಅದು ಮತ್ತೆ ಏರುವುದರಿಂದ ಕಿವಿ ಕಟ್ಟುತ್ತದೆ. ಪೆಪ್ಪರ್‌ಮಿಂಟ್ ಚೀಪಿ, ಉಗುಳು ನುಂಗಿ, ಆಕಳಿಸಿ. ಕೂಸು ಮಲಗಿದ್ದರೆ ಇಳಿಯುವ ಮೊದಲು ಎಬ್ಬಿಸಿ ಹಾಲು ಕುಡಿಸಿ. ಜೋರು ನೆಗಡಿಯಿದ್ದರೆ ವೈದ್ಯರನ್ನು ಕೇಳಿಯೇ ಹೊರಡಿ.

ಮಳೆಗಾಲದ ಮೋಡದಲ್ಲಿ ವಿಮಾನ ದೇವಿಮನೆ ಘಟ್ಟದ ಬಸ್ಸಿನಂತೆ ಕುಲುಕಿದರೆ ಹೆದರಬೇಡಿ. ರೆಕ್ಕೆ ಬಾಗುವಂತೆಯೇ ಮಾಡಿರುತ್ತಾರೆ. ಕುಲುಕಾಟದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಹಾಕದವರಿಗೆ. ಆದ್ದರಿಂದ ಬೆಲ್ಟ್ ಹಾಕಿ ಎನ್ನುವ ದೀಪ ಆರಿದರೂ ಕುಳಿತಷ್ಟು ಹೊತ್ತು ಬೆಲ್ಟ್ ಇರಲಿ. ಇನ್ನೇನು ನೆಲ ಮುಟ್ಟಿತು ಎನ್ನುವಾಗ ವಿಮಾನ ಮತ್ತೆ ಮೇಲಕ್ಕೇರಿದರೆ ಅದೂ ಅಪಾಯವಲ್ಲ. ರನ್‌ವೇ ಕಾಣಲಿಲ್ಲ, ಗಾಳಿ ತಿರುಗಿತು ಎಂದು ಪೈಲಟ್ ಇನ್ನೊಂದು ಸುತ್ತು ಬರುತ್ತಾರೆ. ಹಾಗೆ ಬಿಟ್ಟು ಏರುವ ಪೈಲಟ್ ಮೇಲೆ ನನಗೆ ಗೌರವ ಹೆಚ್ಚು.

ನಿಜಕ್ಕೂ ತುರ್ತು ಬಂದರೆ

ಮೇಲಿನಿಂದ ಆಮ್ಲಜನಕದ ಮುಖವಾಡ ಬಿದ್ದರೆ ಅದನ್ನು ಜಗ್ಗಿ ಎಳೆಯಬೇಕು, ಎಳೆದರೆ ಮಾತ್ರ ಆಮ್ಲಜನಕ ಹೊರಡುತ್ತದೆ. ಚೀಲ ಉಬ್ಬದಿದ್ದರೂ ಬರುತ್ತಿರುತ್ತದೆ, ಸ್ವಲ್ಪ ಸುಟ್ಟ ವಾಸನೆಯೂ ಬರಬಹುದು. ಮೊದಲು ನಿಮಗೆ, ಆಮೇಲೆ ಪಕ್ಕದವರಿಗೆ. ಮೊಮ್ಮಗುವಿಗೆ ಮೊದಲು ಹಾಕದೆ ಹೇಗೆ ಎಂದು ಅಜ್ಜಂದಿರು ವಾದಿಸುತ್ತಾರೆ. 35,000 ಅಡಿಯಲ್ಲಿ ಆಮ್ಲಜನಕವಿಲ್ಲದೆ ಬುದ್ಧಿ ನೆಟ್ಟಗಿರುವುದು ಒಂದು ನಿಮಿಷದೊಳಗೆ ಅಷ್ಟೇ. ನೀವು ಎಚ್ಚರ ತಪ್ಪಿದರೆ ಮಗುವಿಗೆ ಹಾಕುವವರು ಯಾರು? ಮುಖವಾಡದ ಆಮ್ಲಜನಕ ಸುಮಾರು ಹನ್ನೆರಡು-ಹದಿನೈದು ನಿಮಿಷ ಬರುತ್ತದೆ. ಅಷ್ಟರಲ್ಲಿ ಪೈಲಟ್ 10,000 ಅಡಿಗೆ ಇಳಿಸಿರುತ್ತಾರೆ.

ಸೀಟಿನಡಿಯ ಜೀವರಕ್ಷಕ ಜಾಕೆಟ್ ಬಗ್ಗೆ ಕರಾವಳಿಯವರು "ನಮಗೆ ಈಜು ಬರ್ತದೆ" ಎಂದು ತಳ್ಳಿಹಾಕುತ್ತಾರೆ. ಜಾಕೆಟ್ ಹಾಕಿಕೊಳ್ಳಿ, ಆದರೆ ವಿಮಾನದೊಳಗೆ ಉಬ್ಬಿಸಬೇಡಿ. 1996ರಲ್ಲಿ ಅಪಹರಣವಾದ ಇಥಿಯೋಪಿಯಾದ ವಿಮಾನವೊಂದು ಕೊಮೊರೊಸ್ ದ್ವೀಪಗಳ ಬಳಿ ಕಡಲಿಗೆ ಬಿತ್ತು. ಒಳಗೇ ಜಾಕೆಟ್ ಉಬ್ಬಿಸಿಕೊಂಡಿದ್ದ ಹಲವರು ಏರಿದ ನೀರಿನೊಡನೆ ಮೇಲ್ಛಾವಣಿಗೆ ಒತ್ತಿಕೊಂಡು, ಮುಳುಗಿ ಬಾಗಿಲು ತಲುಪಲಾಗದೆ ಸತ್ತರು. ಎಂಥ ಈಜುಗಾರನಿಗೂ ಉಬ್ಬಿದ ಜಾಕೆಟ್ ಹಾಕಿ ಮುಳುಗಲು ಬರುವುದಿಲ್ಲ. ಬಾಗಿಲು ದಾಟುವಾಗ ಜಾಕೆಟ್ ಉಬ್ಬಿಸುವ ಹಿಡಿಯನ್ನು ಎಳೆಯಿರಿ.

ವಿಮಾನ ಬಿಟ್ಟು ಇಳಿಯಿರಿ ಎಂದು ಸಿಬ್ಬಂದಿ ಕೂಗಿದರೆ ಚೀಲ ಮುಟ್ಟಬೇಡಿ. ಒಳಗಿರುವ ಔಷಧಿ, ಬಂಗಾರ, ಪಾಸ್‌ಪೋರ್ಟ್ ಎಲ್ಲವೂ ಅಲ್ಲೇ ಇರಲಿ. ಅರ್ಧ ಬಾಗಿಲುಗಳಿಂದಲೇ ಎಲ್ಲರೂ 90 ಸೆಕೆಂಡುಗಳಲ್ಲಿ ಹೊರಬರಬಲ್ಲರು ಎಂದು ತೋರಿಸಿದ ಮೇಲೆಯೇ ಹೊಸ ಮಾದರಿಯ ವಿಮಾನಕ್ಕೆ ಅನುಮತಿ ಸಿಗುವುದು. ಆ ಪರೀಕ್ಷೆಯಲ್ಲಿ ಮೇಲಿನಿಂದ ಬ್ಯಾಗ್ ಇಳಿಸಿಕೊಳ್ಳುವವರಿಗೆ ಸಮಯ ಇಟ್ಟಿಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ವಿಮಾನ ಹೊತ್ತಿ ಉರಿದಾಗ ಒಳಗಿದ್ದ 379 ಜನರೂ ಬದುಕಿ ಹೊರಬಂದರು, ಚೀಲಗಳನ್ನು ಬಿಟ್ಟು ಬಂದರು. ನಾನು ಇದನ್ನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಮೈಗೆ ಹುಷಾರಿಲ್ಲ ಎನಿಸಿದರೆ ಯಾರಿಗೂ ಹೇಳದೆ ಎದ್ದು ಶೌಚಾಲಯಕ್ಕೆ ಹೋಗಬೇಡಿ. ಒಳಗೆ ಬಿದ್ದರೆ ಗೊತ್ತಾಗುವುದು ತಡ. ತಲೆಯ ಮೇಲಿನ ಮನುಷ್ಯಾಕೃತಿಯ ಗುಂಡಿ ಒತ್ತಿ. ಎದೆನೋವೋ ಸಕ್ಕರೆ ಇಳಿದಿದ್ದೋ ನೇರ ಹೇಳಿ. ಔಷಧಿ ಪೆಟ್ಟಿಗೆ, ಆಮ್ಲಜನಕ ಇರುತ್ತವೆ, ಪ್ರಯಾಣಿಕರಲ್ಲಿ ವೈದ್ಯರಿದ್ದಾರೆಯೇ ಎಂದು ಕೂಗಿ ಕೇಳುತ್ತಾರೆ, ಬೇಕಾದರೆ ಹತ್ತಿರದ ಊರಲ್ಲಿ ಇಳಿಸುತ್ತಾರೆ. ಹೃದಯದ ತೊಂದರೆ ಇದ್ದವರು ಹತ್ತುವಾಗಲೇ ಒಂದು ಮಾತು ಹೇಳಿಟ್ಟರೆ ಇನ್ನೂ ಒಳ್ಳೆಯದು. ಭಾಷೆ ಬಾರದು ಎಂದು ಸುಮ್ಮನಿರಬೇಡಿ, ಕಾಯಿಲೆ ಮತ್ತು ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಜೇಬಿನಲ್ಲಿಡಿ.

ತಡವಾದರೆ, ಬ್ಯಾಗ್ ಬಾರದಿದ್ದರೆ

ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ ತಿಂಡಿ, ಪಾನೀಯ ಕೊಡಬೇಕು ಎಂದು ಡಿಜಿಸಿಎ (ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಿಯಮವಿದೆ. ಕೌಂಟರಿನಲ್ಲಿ ಕೇಳಿ, ಅದು ಬೇಡುವುದಲ್ಲ. ಆರು ಗಂಟೆ ದಾಟಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. ಬ್ಯಾಗ್ ಕೊಟ್ಟಾಗ ಬೋರ್ಡಿಂಗ್ ಪಾಸಿಗೆ ಅಂಟಿಸುವ ಚೀಟಿಯನ್ನು ಮನೆ ಮುಟ್ಟುವವರೆಗೆ ಬಿಸಾಡಬೇಡಿ. ಬ್ಯಾಗ್ ಬರದಿದ್ದರೆ ಅಥವಾ ಒಡೆದಿದ್ದರೆ ಬ್ಯಾಗ್ ಬರುವ ಜಾಗದಿಂದ ಹೊರಬೀಳುವ ಮೊದಲೇ ವಿಮಾನ ಕಂಪನಿಯ ಮೇಜಿಗೆ ಹೋಗಿ ದೂರು ಬರೆಸಿ, ನಂಬರ್ ಇರುವ ಪ್ರತಿ ಪಡೆಯಿರಿ. ವಿಳಾಸಕ್ಕೆ ಮಕ್ಕಳ ಮನೆಯದು ಮತ್ತು ಅವರ ಫೋನ್ ನಂಬರ್ ಕೊಡಿ.